ತಟ್ಟೆಯಲ್ಲಿ ಸಾಯುವ ಕ್ಯಾನ್ಸರ್ ಬಾಯಲ್ಲಿ ಯಾಕೆ ಸಾಯುವುದಿಲ್ಲ?

ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಕ್ಯಾನ್ಸರಿಗೆ ಲಕ್ಷ್ಮಣ ಫಲವೇ ಮದ್ದು ಅನ್ನುವ ಮೆಸೇಜ್ ಇನ್ನೂ ಓಡಾಡುತ್ತಲೇ ಇದೆ. ಕೀಮೋಗಿಂತ 10,000 ಪಟ್ಟು ಜೋರು, ಕಂಪನಿಗಳು ಮುಚ್ಚಿಟ್ಟಿವೆ, ಎಲ್ಲರಿಗೂ ಕಳಿಸಿ ಅಂತ. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಬಾಯಿಯ ಕ್ಯಾನ್ಸರ್ ಮೇಲೆ ಕೆಲಸ ಮಾಡುತ್ತೇನೆ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಆ ಮೆಸೇಜ್ ಬಂದಾಗಲೆಲ್ಲ ಯಾರಾದರೊಬ್ಬರು "ಇದು ನಿಜವಾ?" ಅಂತ ನನ್ನನ್ನೇ ಕೇಳುತ್ತಾರೆ. ತಮಾಷೆ ಅಂದರೆ ಆ 10,000 ಪೂರ್ತಿ ಕಟ್ಟುಕಥೆ ಅಲ್ಲ. ಆ ಹಣ್ಣಿನ ಬೀಜದಿಂದ ತೆಗೆದ ಒಂದು ರಾಸಾಯನಿಕ, ಒಂದು ಜಾತಿಯ ಕರುಳಿನ ಕ್ಯಾನ್ಸರ್ ಕೋಶದ ಮೇಲೆ, ಅಡ್ರಿಯಾಮೈಸಿನ್ ಅನ್ನುವ ಕೀಮೋ ಔಷಧಿಗಿಂತ ಅಷ್ಟು ಪಟ್ಟು ಚುರುಕು ಅಂತ 1996ರ ಒಂದು ಪೇಪರಿನಲ್ಲಿ ಇದೆ. ಆದರೆ ಅದೆಲ್ಲ ನಡೆದದ್ದು ಲ್ಯಾಬಿನಲ್ಲಿ ಕೋಶ ಬೆಳೆಸುವ ಪ್ಲಾಸ್ಟಿಕ್ ತಟ್ಟೆಯಲ್ಲಿ. ಆ ಒಂದು ವಿಷಯವನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲಿಲ್ಲ.

ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯಿಸುವುದು ದೊಡ್ಡ ಸಾಹಸ ಏನಲ್ಲ. ಉಪ್ಪು ಜಾಸ್ತಿ ಹಾಕಿದರೆ ಸಾಯುತ್ತವೆ. ನಿಂಬೆರಸ ಹಾಕಿದರೂ ಸಾಯುತ್ತವೆ. ಮೀಡಿಯಾ, ಅಂದರೆ ಕೋಶಗಳಿಗೆ ಊಟವಾಗಿ ಹಾಕುವ ದ್ರವ, ಅದನ್ನು ಬದಲಿಸದೆ ಹಬ್ಬಕ್ಕೆ ಊರಿಗೆ ಹೋದರೂ ಸಾಯುತ್ತವೆ. ಕ್ಯಾನ್ಸರ್ ಔಷಧಿಗಳು ತಟ್ಟೆ ದಾಟಿ, ಇಲಿ ದಾಟಿ, ಮನುಷ್ಯರ ಮೇಲಿನ ಮೊದಲ ಪರೀಕ್ಷೆಯವರೆಗೆ ಬಂದ ಮೇಲೂ ಕೊನೆಗೆ ಮಾರುಕಟ್ಟೆ ತಲುಪುವುದು ಸುಮಾರು ನೂರಕ್ಕೆ ಐದು. ಮಿಕ್ಕವು ಎಲ್ಲಿ ಸೋತವು ಅನ್ನುವುದಕ್ಕೆ ಕಾರಣ ಹಲವು ಇವೆ. ನನ್ನ ಹೊಟ್ಟೆಪಾಡು ಅದರಲ್ಲಿ ಒಂದು ಕಾರಣದ ಮೇಲೆ ನಿಂತಿದೆ. ತಟ್ಟೆಯಲ್ಲಿ ನಾವು ಇಟ್ಟಿದ್ದು ಬರೀ ಕ್ಯಾನ್ಸರ್ ಕೋಶ. ರೋಗಿಯ ಬಾಯಲ್ಲಿ ಇರುವುದು ಗಡ್ಡೆ. ಇವೆರಡೂ ಒಂದೇ ಅಲ್ಲ.

ಮೊದಲು ಈ ತಟ್ಟೆ ಹೇಗಿರುತ್ತದೆ ಹೇಳುತ್ತೇನೆ. ಲ್ಯಾಬಿನಲ್ಲಿ ಬೆಳೆಯುವ ಮನುಷ್ಯರ ಕೋಶಗಳ ಕಥೆ ಶುರುವಾಗುವುದು 1951ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಹೆನ್ರಿಯೆಟ್ಟಾ ಲ್ಯಾಕ್ಸ್ ಅನ್ನುವ ಹೆಂಗಸಿನ ಗರ್ಭಕಂಠದ ಗಡ್ಡೆಯಿಂದ, ಆಕೆಯನ್ನು ಕೇಳದೆ ತೆಗೆದ ಕೋಶಗಳು ಸಾಯದೆ ಬೆಳೆಯುತ್ತಾ ಹೋದವು. ಆಕೆ ಅದೇ ವರ್ಷ ತೀರಿಕೊಂಡರು. ಹೀಲಾ ಅನ್ನುವ ಹೆಸರಿನಲ್ಲಿ ಆ ಕೋಶಗಳು ಇವತ್ತಿಗೂ ಪ್ರಪಂಚದ ತುಂಬಾ, ನಮ್ಮ ಲ್ಯಾಬಿನ ದ್ರವ ಸಾರಜನಕದ ಡಬ್ಬಿಯಲ್ಲೂ ಇವೆ. ಆಮೇಲೆ ಸ್ತನದ್ದು, ಶ್ವಾಸಕೋಶದ್ದು, ನಾಲಿಗೆಯದ್ದು ಅಂತ ಸಾವಿರಾರು ಸೆಲ್ ಲೈನ್ ಬಂದವು. ಇವುಗಳಿಂದ ಕಲಿತದ್ದು ಅಪಾರ, ಅದರಲ್ಲಿ ತಕರಾರಿಲ್ಲ. ಆದರೆ ದಶಕಗಳ ಕಾಲ ಪ್ಲಾಸ್ಟಿಕ್ ಮೇಲೆ ಬೆಳೆದ ಕೋಶ ಪ್ಲಾಸ್ಟಿಕ್ ಮೇಲೆ ಬದುಕುವುದರಲ್ಲಿ ಪಳಗಿರುತ್ತದೆ.

ಅವುಗಳ ಊಟ ನೋಡಿ. ನಾವು ಮಾಮೂಲಿಯಾಗಿ ಹಾಕುವ ಮೀಡಿಯಾ ಡಿಎಂಇಎಂ, ಹೈ ಗ್ಲೂಕೋಸ್. ಲೀಟರಿಗೆ 4.5 ಗ್ರಾಂ ಗ್ಲೂಕೋಸ್. ನಮ್ಮ ಮನೆಗಳ ಲೆಕ್ಕದಲ್ಲಿ ಹೇಳುವುದಾದರೆ ಶುಗರ್ 450. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಯಾರಿಗಾದರೂ 450 ಬಂದರೆ ಮನೆಯವರೆಲ್ಲ ಸೇರಿ ಆಸ್ಪತ್ರೆಗೆ ಓಡುತ್ತಾರೆ. ನಾವು ಮಾತ್ರ ಆ ಸ್ಥಿತಿಯಲ್ಲಿ ಇಟ್ಟ ಕೋಶದ ಮೇಲೆ ಔಷಧಿ ಪರೀಕ್ಷೆ ಮಾಡಿ ಗ್ರಾಫ್ ಬರೆಯುತ್ತೇವೆ. ನಿಜವಾದ ಗಡ್ಡೆಯ ಒಳಗೆ ಪರಿಸ್ಥಿತಿ ಉಲ್ಟಾ. ಅಲ್ಲಿ ಗ್ಲೂಕೋಸ್ ಕಮ್ಮಿ, ಲ್ಯಾಕ್ಟೇಟ್ ಜಾಸ್ತಿ, ಪಿಎಚ್ ರಕ್ತದ 7.4ರಿಂದ ಇಳಿದು ಕೆಲವು ಕಡೆ 6.5ರ ಹತ್ತಿರ.

ಇದು ಸುಮ್ನೆ ಸಣ್ಣ ವಿವರ ಅಂದುಕೊಳ್ಳಬೇಡಿ. 2017ರಲ್ಲಿ ಮನುಷ್ಯರ ರಕ್ತದ ಪ್ಲಾಸ್ಮಾಕ್ಕೆ ಹೋಲುವ ಒಂದು ಮೀಡಿಯಾ ಮಾಡಿದರು, ಎಚ್‌ಪಿಎಲ್‌ಎಂ ಅಂತ. ಅದರಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ 5-ಎಫ್‌ಯು ಅನ್ನುವ ಹಳೆಯ ಕೀಮೋ ಔಷಧಿಯ ಪೆಟ್ಟು ಕಮ್ಮಿಯಾಯಿತು. ಕಾರಣ ಹುಡುಕಿದರೆ ಸಿಕ್ಕಿದ್ದು ಯೂರಿಕ್ ಆಸಿಡ್. ಮನುಷ್ಯರ ರಕ್ತದಲ್ಲಿ ಅದು ಇಲಿಗಿಂತ ಎಷ್ಟೋ ಜಾಸ್ತಿ, ಮಾಮೂಲಿ ಮೀಡಿಯಾದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅಂದರೆ ತಟ್ಟೆಯಲ್ಲೂ ಕಾಣದ, ಇಲಿಯಲ್ಲೂ ಸರಿಯಾಗಿ ಕಾಣದ ಒಂದು ಅಡ್ಡಿ ನಮ್ಮ ರಕ್ತದಲ್ಲೇ ಇತ್ತು. 5-ಎಫ್‌ಯು ಬಾಯಿಯ ಕ್ಯಾನ್ಸರಿಗೂ ಕೊಡುವ ಔಷಧಿ. ಆ ಪೇಪರ್ ಓದಿದ ಮೇಲೆ ಮೀಡಿಯಾ ಬಾಟಲಿಯ ಲೇಬಲ್ ನೋಡುವ ನನ್ನ ರೀತಿಯೇ ಬದಲಾಯಿತು.

ಗಾಳಿಯದ್ದೂ ಅದೇ ಕಥೆ. ಇನ್ಕ್ಯುಬೇಟರ್ ಒಳಗೆ 37 ಡಿಗ್ರಿ, 5% ಕಾರ್ಬನ್ ಡೈ ಆಕ್ಸೈಡ್, ಆಮ್ಲಜನಕ 18-19%. ನಮ್ಮ ದೇಹದ ಆರೋಗ್ಯವಂತ ಅಂಗಾಂಶಗಳಲ್ಲಿ ಅದು ಸಾಮಾನ್ಯವಾಗಿ 3ರಿಂದ 7%. ಗಡ್ಡೆಯ ಒಳಗೆ ಎಷ್ಟೋ ಕಡೆ 1-2%. ರಕ್ತನಾಳದಿಂದ 100-200 ಮೈಕ್ರಾನ್ ದೂರ ಹೋದರೆ ಆಮ್ಲಜನಕ ಮುಗಿಯಿತು. ಆಮ್ಲಜನಕ ಕಮ್ಮಿಯಾದಾಗ ಕೋಶ ಅದನ್ನು ಹೇಗೆ ಗುರುತಿಸುತ್ತದೆ ಅಂತ ಕಂಡುಹಿಡಿದದ್ದಕ್ಕೇ 2019ರ ನೊಬೆಲ್ ಬಂದದ್ದು. ಇಲ್ಲೊಂದು ಬೆಂಗಳೂರಿನ ವಿಷಯವೂ ಇದೆ, ಸೆಮಿನಾರಿನಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು 10% ಕಮ್ಮಿ. ಹಾಗಾಗಿ ಇನ್ಕ್ಯುಬೇಟರ್ ಪರದೆ ಅದೇ ಪರ್ಸೆಂಟ್ ತೋರಿಸಿದರೂ ಇಲ್ಲಿನ ಕೋಶಕ್ಕೂ ಅಲ್ಲಿನ ಕೋಶಕ್ಕೂ ಸಿಗುವ ಆಮ್ಲಜನಕ ಒಂದೇ ಅಲ್ಲ. ಸಾಲದು ಅಂತ ತಟ್ಟೆಗೆ ಎಷ್ಟು ಮೀಡಿಯಾ ಹಾಕಿದ್ದೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಕೋಶಗಳು ಒತ್ತಾಗಿ ಬೆಳೆದಿದ್ದರೆ, ಮೇಲೆ ಮೀಡಿಯಾ ಎತ್ತರಕ್ಕೆ ನಿಂತಿದ್ದರೆ, ಆಮ್ಲಜನಕ ಮೇಲಿಂದ ಇಳಿಯುವ ವೇಗಕ್ಕಿಂತ ಬೇಗ ಕೆಳಗೆ ಖರ್ಚಾಗುತ್ತದೆ, ನಿಮಗೆ ಗೊತ್ತಿಲ್ಲದೆಯೇ ಕೆಳಗಿನ ಕೋಶಗಳು ಉಸಿರುಕಟ್ಟಿಕೊಂಡು ಕೂತಿರುತ್ತವೆ. "ಸ್ವಲ್ಪ ಜಾಸ್ತಿ ಮೀಡಿಯಾ ಹಾಕಿಡು, ನಾಳೆ ರಜೆ" ಅಂತ ಹೇಳಿದಾಗ ನಾವು ಪ್ರಯೋಗವನ್ನೇ ಬದಲಿಸಿರುತ್ತೇವೆ.

ಇಷ್ಟೆಲ್ಲ ಬರೀ ಕ್ಯಾನ್ಸರ್ ಕೋಶದ ಕಷ್ಟ. ಈಗ ಅದರ ನೆರೆಹೊರೆಗೆ ಬರೋಣ.

ಗಡ್ಡೆ ಅಂದರೆ ಕ್ಯಾನ್ಸರ್ ಕೋಶಗಳ ಮುದ್ದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದರಲ್ಲಿ ಕೊಲಾಜೆನ್ ನಾರು ನೇಯುವ ಫೈಬ್ರೋಬ್ಲಾಸ್ಟ್ ಕೋಶಗಳಿವೆ, ಮ್ಯಾಕ್ರೋಫೇಜ್, ಟಿ-ಸೆಲ್ ಥರದ ರೋಗನಿರೋಧಕ ಕೋಶಗಳಿವೆ, ಸೋರುವ ರಕ್ತನಾಳಗಳಿವೆ, ನರಗಳಿವೆ. ಮೇದೋಜೀರಕದ ಕೆಲವು ಗಡ್ಡೆಗಳಲ್ಲಿ ಕ್ಯಾನ್ಸರ್ ಕೋಶಕ್ಕಿಂತ ಈ ಸುತ್ತಲಿನದ್ದೇ ಎಂಬತ್ತು ತೊಂಬತ್ತು ಪರ್ಸೆಂಟ್. ಇದನ್ನೆಲ್ಲ ಸೇರಿಸಿ ಟ್ಯೂಮರ್ ಮೈಕ್ರೋಎನ್ವಿರಾನ್ಮೆಂಟ್ ಅನ್ನುತ್ತಾರೆ, ನಮ್ಮ ಲ್ಯಾಬಿನಲ್ಲಿ ಬರೀ ಟಿಎಂಇ. ವಿಚಾರ ಮಾತ್ರ ಹಳೆಯದು. ಲಂಡನ್ನಿನ ಸ್ಟೀಫನ್ ಪ್ಯಾಜೆಟ್ ಅನ್ನುವ ಸರ್ಜನ್ 1889ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡ 735 ಹೆಂಗಸರ ದಾಖಲೆ ನೋಡಿದರು. ಕ್ಯಾನ್ಸರ್ ಎಲ್ಲೆಂದರಲ್ಲಿ ಹರಡಿರಲಿಲ್ಲ. ಯಕೃತ್ತಿಗೆ ಹರಡಿದ್ದು ಬಹಳ, ಗುಲ್ಮಕ್ಕೆ ಹರಡಿದ್ದು ಅಪರೂಪ. ಬೀಜ ಎಲ್ಲ ಕಡೆ ಬೀಳುತ್ತದೆ, ಮಣ್ಣು ಒಗ್ಗಿದ ಕಡೆ ಮಾತ್ರ ಮೊಳೆಯುತ್ತದೆ ಅಂತ ಅವರು ಬರೆದರು. ಮುಂದಿನ ನೂರು ವರ್ಷ ಹೆಚ್ಚಿನವರೆಲ್ಲ ಬೀಜವನ್ನೇ ನೋಡುತ್ತಾ ಕೂತರು.

ನಾನು ಸಾಗರ ತಾಲ್ಲೂಕಿನವಳು, ಅಡಿಕೆ ತೋಟದ ಮನೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕದಲ್ಲಿ. ನನ್ನ ಓದಿನ ಫೀಸು ಬಂದದ್ದೂ ಅದರಿಂದಲೇ. ಹಾಗಾಗಿ ಮುಂದಿನ ಮಾತು ಬರೆಯುವುದು ಸ್ವಲ್ಪ ಕಷ್ಟ. ಬರೀ ಅಡಿಕೆ, ತಂಬಾಕು ಸೇರಿಸದ ಅಡಿಕೆ ಕೂಡ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಮನೆಯಲ್ಲಿ ಹೇಳಿದರೆ ಚಿಕ್ಕಪ್ಪ, "ಅಜ್ಜ ದಿನಾ ಕವಳ ಹಾಕಿಯೂ ತೊಂಬತ್ತು ವರ್ಷ ಬದುಕಿದ್ದ ಅಲ್ದನೇ ಕೂಸೆ?" ಅನ್ನುತ್ತಾರೆ. ಬದುಕಿದ್ದರು, ಹೌದು. ಆ ವಾದ ಇಲ್ಲಿ ಬೇಡ. ನನಗೆ ಆಸಕ್ತಿ ಇರುವುದು ಅಡಿಕೆ ಏನು ಮಾಡುತ್ತದೆ ಅನ್ನುವುದಕ್ಕಿಂತ ಯಾವುದನ್ನು ಮೊದಲು ಮುಟ್ಟುತ್ತದೆ ಅನ್ನುವುದರಲ್ಲಿ.

ಗುಟ್ಕಾ, ಅಡಿಕೆ ಅಗಿಯುವ ಕೆಲವರಿಗೆ ಬಾಯಿ ಬಿಗಿಯುತ್ತಾ ಬರುತ್ತದೆ. ಕೆನ್ನೆಯ ಒಳಭಾಗ ಬೆಳ್ಳಗೆ, ಗಟ್ಟಿಯಾಗುತ್ತದೆ. ಖಾರ ತಿಂದರೆ ಉರಿ. ಮೂರು ಬೆರಳು ಬಾಯೊಳಗೆ ಹೋಗುವುದಿಲ್ಲ. ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ ಡಾಕ್ಟರು. ಅಡಿಕೆಯಲ್ಲಿರುವ ಅರೆಕೊಲೈನ್ ಫೈಬ್ರೋಬ್ಲಾಸ್ಟುಗಳನ್ನು ಕೆರಳಿಸಿ ಕೊಲಾಜೆನ್ ಜಾಸ್ತಿ ಮಾಡಿಸುತ್ತದೆ. ಅಡಿಕೆಯಲ್ಲಿರುವ ತಾಮ್ರ, ಆ ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಲೈಸಿಲ್ ಆಕ್ಸಿಡೇಸ್ ಅನ್ನುವ ಕಿಣ್ವಕ್ಕೆ ಬಲ ಕೊಡುತ್ತದೆ. ಇನ್ನೂ ಕ್ಯಾನ್ಸರ್ ಆಗಿಲ್ಲ, ಗಮನಿಸಿ. ಮೊದಲು ಕೆಟ್ಟದ್ದು ಮಣ್ಣು. ಇವರಲ್ಲಿ ಒಂದಷ್ಟು ಜನಕ್ಕೆ ವರ್ಷಗಳ ನಂತರ ಅದೇ ಜಾಗದಲ್ಲಿ ಕ್ಯಾನ್ಸರ್ ಬರುತ್ತದೆ. ಇಂಥ ರೋಗವನ್ನು ಬರೀ ಕ್ಯಾನ್ಸರ್ ಕೋಶ ಇರುವ ತಟ್ಟೆಯಲ್ಲಿ ಓದಲು ಹೊರಟರೆ ಕಥೆಯ ಮೊದಲರ್ಧ ಬಿಟ್ಟೇ ಹೋಗುತ್ತದೆ.

ಸರಿ, ಮಣ್ಣನ್ನು ತರುವುದು ಎಲ್ಲಿಂದ? ಆಪರೇಷನ್ ಥಿಯೇಟರಿನಿಂದ. ನಾವು ಜೊತೆಯಾಗಿ ಕೆಲಸ ಮಾಡುವ ಆಸ್ಪತ್ರೆ ಊರಿನ ದಕ್ಷಿಣಕ್ಕೆ, ಲ್ಯಾಬ್ ಉತ್ತರಕ್ಕೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ, ರೋಗಿಯ ಸಹಿ, ಎಲ್ಲ ಮೊದಲೇ ಆಗಿರಬೇಕು. ಕನ್ನಡದ ಒಪ್ಪಿಗೆ ಪತ್ರ ಓದಿ ಹೇಳುವಾಗ ಒಬ್ಬ ರೋಗಿಯ ಹೆಂಡತಿ, "ಇದರಿಂದ ನಮ್ಮ ಯಜಮಾನರಿಗೆ ಏನಾದರೂ ಅನುಕೂಲ ಆಗುತ್ತಾ ಮೇಡಂ?" ಅಂತ ಕೇಳಿದರು. ಇಲ್ಲಮ್ಮ, ಆಗಲ್ಲ, ಮುಂದೆ ಬರುವವರಿಗೆ ಆಗಬಹುದು ಅಷ್ಟೇ ಅಂದೆ. ಅವರು ಗಂಡನ ಕಡೆ ನೋಡಿದರು, ಆತ ಪೆನ್ನು ಕೇಳಿದರು. ಪೆಥಾಲಜಿಯವರು ತಮಗೆ ಬೇಕಾದ್ದನ್ನು ತೆಗೆದುಕೊಂಡ ಮೇಲೆ ಉಳಿದದ್ದು ನಮಗೆ, ಅರ್ಧ ಸೆಂಟಿಮೀಟರ್ ಸಿಕ್ಕರೆ ಪುಣ್ಯ. ಅದನ್ನು ತಣ್ಣಗಿನ ಮೀಡಿಯಾದಲ್ಲಿ ಹಾಕಿ, ಐಸ್ ಡಬ್ಬಿಯಲ್ಲಿ ಇಟ್ಟು, ಮೇಖ್ರಿ ಸರ್ಕಲ್, ಹೆಬ್ಬಾಳ ದಾಟಿಸಿ ತರಬೇಕು. ಅಂಗಾಂಶ ದೇಹದಿಂದ ಹೊರಬಂದ ಗಳಿಗೆಯಿಂದ ಅದರ ಒಳಗಿನ ಜೀನುಗಳ ಕೆಲಸ ಬದಲಾಗುತ್ತಾ ಹೋಗುತ್ತದೆ, ಟ್ರಾಫಿಕ್ ಜಾಮಿಗೆ ಅದು ಕಾಯುವುದಿಲ್ಲ. ಪೇಪರಿನ ಮೆಥಡ್ಸ್ ವಿಭಾಗದಲ್ಲಿ ಹೆಬ್ಬಾಳ ಫ್ಲೈಓವರಿಗೆ ಒಂದು ಸಾಲು ಮೀಸಲಿಡಬೇಕು ಅಂತ ನಾವು ನಗುತ್ತೇವೆ, ಆದರೆ ಅದು ಪೂರ್ತಿ ತಮಾಷೆ ಅಲ್ಲ.

ಬಾಯಿಯ ಸ್ಯಾಂಪಲ್ಲಿಗೆ ಇನ್ನೊಂದು ಕಾಟ ಇದೆ. ಬಾಯಿ ತುಂಬಾ ಬ್ಯಾಕ್ಟೀರಿಯಾ, ಫಂಗಸ್. ಆಂಟಿಬಯಾಟಿಕ್, ಆಂಫೊಟೆರಿಸಿನ್ ಎಲ್ಲ ಹಾಕಿ ಎಷ್ಟು ತೊಳೆದರೂ ಮೂರನೇ ದಿನ ಮೀಡಿಯಾ ಮಬ್ಬಾಗಿ ಹಳದಿ ತಿರುಗಿದರೆ ಕಥೆ ಮುಗಿಯಿತು. ಹಾಗಾಗದಿದ್ದರೆ, ಬ್ಲೇಡಿನಲ್ಲಿ ಒಂದು ಮಿಲಿಮೀಟರಿನ ಚೂರು ಮಾಡಿ ತಟ್ಟೆಗೆ ಅಂಟಿಸಿ, ಮೇಲೆ ತೆಳ್ಳಗೆ ಮೀಡಿಯಾ ಬಿಟ್ಟು, ಅಲ್ಲಾಡಿಸದೆ ಬಿಡುತ್ತೇವೆ. ಅಲ್ಲಾಡಿಸಬಾರದು ಅನ್ನುವುದೇ ಕಷ್ಟ, ಎಲ್ಲರಿಗೂ ಇಣುಕಿ ನೋಡುವ ಚಪಲ. ಕೆಲವು ದಿನಗಳಾದ ಮೇಲೆ ಮೈಕ್ರೋಸ್ಕೋಪಿನಲ್ಲಿ ಆ ಕಪ್ಪು ಚೂರಿನ ಅಂಚಿನಿಂದ ಒಂದೆರಡು ಕೋಶಗಳು ಹೊರಗೆ ಕಾಲಿಟ್ಟಿರುವುದು ಕಾಣುತ್ತದೆ. ಎರಡೂ ತುದಿ ಚೂಪು, ನಡು ಸ್ವಲ್ಪ ಉಬ್ಬು, ಉದ್ದಕ್ಕೆ ಚಾಚಿಕೊಂಡವು. ಅವೇ ಫೈಬ್ರೋಬ್ಲಾಸ್ಟ್. ಒಂದು ವಾರ ಹೋದರೆ ಚೂರಿನ ಸುತ್ತ ಎಲ್ಲ ಅವೇ, ಒಂದರ ಪಕ್ಕ ಒಂದು ಸಾಲಾಗಿ ಹರಿದಿರುತ್ತವೆ. ಕ್ಯಾನ್ಸರ್ ಕೋಶಗಳು ಹಿಂದೆ ಬೀಳುತ್ತವೆ. ತಟ್ಟೆಯಲ್ಲಿ ಫೈಬ್ರೋಬ್ಲಾಸ್ಟ್ ಜೊತೆ ಓಡಿ ಗೆಲ್ಲುವುದು ಅವುಗಳಿಗೂ ಕಷ್ಟ.

ಖುಷಿಪಡುವ ಮೊದಲು ಒಂದು ವಿಷಯ ನೆನಪಿಡಬೇಕು. ನಮ್ಮ ಪ್ಲಾಸ್ಟಿಕ್ ತಟ್ಟೆ, ದೇಹದ ಮೆತ್ತನೆಯ ಅಂಗಾಂಶಕ್ಕಿಂತ ಲಕ್ಷಗಟ್ಟಲೆ ಪಟ್ಟು ಗಟ್ಟಿ. ಫೈಬ್ರೋಬ್ಲಾಸ್ಟ್ ಕಾಲಡಿಯ ಗಡಸುತನವನ್ನು ಗುರುತಿಸುವ ಕೋಶ. ಗಟ್ಟಿ ನೆಲದ ಮೇಲೆ ಬಿಟ್ಟರೆ ಸಾಕು, ಯಾವ ಕ್ಯಾನ್ಸರ್ ಇಲ್ಲದೆಯೂ ಅದು ಗಾಯ ಮಾಯಿಸುವಾಗಿನ ಅವತಾರ ತಾಳುತ್ತದೆ, ಆಲ್ಫಾ-ಎಸ್‌ಎಂಎ ಅನ್ನುವ ಪ್ರೋಟೀನ್ ಏರುತ್ತದೆ. ಗಡ್ಡೆಯ ಫೈಬ್ರೋಬ್ಲಾಸ್ಟ್ ಗುರುತಿಸಲು ನಾವು ನೋಡುವ ಗುರುತೇ ಅದು! ಅಂದರೆ ಆರೋಗ್ಯವಂತರ ಕೆನ್ನೆಯಿಂದ ತಂದ ಹೋಲಿಕೆಯ ಕೋಶವೂ ನಮ್ಮ ತಟ್ಟೆಯ ಮೇಲೆ ಕೆಲವು ಪಾಸೇಜ್ (ತಟ್ಟೆ ತುಂಬಿದಾಗ ಕೋಶಗಳನ್ನು ಹೊಸ ತಟ್ಟೆಗೆ ಹಾಕುವುದು) ಆದಮೇಲೆ ಗಡ್ಡೆಯದ್ದರ ಥರ ಕಾಣತೊಡಗುತ್ತದೆ. ಎರಡರ ನಡುವೆ ವ್ಯತ್ಯಾಸವೇ ಇಲ್ಲ ಅಂತ ತೀರ್ಮಾನ ಮಾಡಿದ ಪೇಪರುಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಎಷ್ಟನೇ ಪಾಸೇಜ್, ಯಾವುದರ ಮೇಲೆ ಬೆಳೆಸಿದ್ದು ಅಂತ. ಮೆತ್ತನೆಯ ಜೆಲ್ ಮೇಲೆ, ಬೇಗ, ಕಡಿಮೆ ಪಾಸೇಜಿನಲ್ಲಿ ಕೆಲಸ ಮುಗಿಸುವುದು ಬಿಟ್ಟು ಬೇರೆ ದಾರಿ ನನಗಂತೂ ಕಂಡಿಲ್ಲ.

ಈಗ ಎರಡನ್ನೂ ಸೇರಿಸಬೇಕು. ಅತಿ ಸುಲಭದ್ದು, ಫೈಬ್ರೋಬ್ಲಾಸ್ಟ್ ಬೆಳೆದ ಮೀಡಿಯಾವನ್ನು ತೆಗೆದು ಕ್ಯಾನ್ಸರ್ ಕೋಶಕ್ಕೆ ಹಾಕುವುದು. ಅಗ್ಗ, ಆದರೆ ಮಾತು ಒಂದೇ ಕಡೆಯಿಂದ. ಎರಡನೆಯದು ಟ್ರಾನ್ಸ್‌ವೆಲ್, ನಡುವೆ 0.4 ಮೈಕ್ರಾನ್ ರಂಧ್ರಗಳ ಪೊರೆ. ಕೋಶ ದಾಟುವುದಿಲ್ಲ, ಅವು ಬಿಡುವ ಪ್ರೋಟೀನುಗಳು ಎರಡೂ ಕಡೆ ದಾಟುತ್ತವೆ. ಮೂರನೆಯದು ಎರಡನ್ನೂ ಒಂದೇ ಕಡೆ ಬೆರೆಸುವುದು. ಇಲ್ಲೊಂದು ಬಲೆ ಇದೆ, ತುಂಬಾ ಜನ ಬೀಳುತ್ತಾರೆ. ಔಷಧಿ ಹಾಕಿ, ಎಂಟಿಟಿ ಪರೀಕ್ಷೆ ಮಾಡಿ, ನೇರಳೆ ಬಣ್ಣ ಅಳೆದು, "ಫೈಬ್ರೋಬ್ಲಾಸ್ಟ್ ಇದ್ದಾಗ ಕ್ಯಾನ್ಸರ್ ಕೋಶ ಸಾಯುತ್ತಿಲ್ಲ" ಅಂತ ಬರೆಯುತ್ತಾರೆ. ಎಂಟಿಟಿಗೆ ಯಾವ ಕೋಶ ಯಾವುದು ಅಂತ ಗೊತ್ತಿಲ್ಲ. ಬದುಕಿರುವ ಎಲ್ಲವೂ ಅದನ್ನು ನೇರಳೆ ಮಾಡುತ್ತವೆ. ಕ್ಯಾನ್ಸರ್ ಕೋಶ ಪೂರ್ತಿ ಸತ್ತು ಫೈಬ್ರೋಬ್ಲಾಸ್ಟ್ ಮಾತ್ರ ಆರಾಮಾಗಿ ಉಳಿದಿದ್ದರೂ ಗ್ರಾಫ್ ಹಾಗೇ ಕಾಣುತ್ತದೆ. ಒಂದಕ್ಕೆ ಹಸಿರು ಬಣ್ಣದ ಪ್ರೋಟೀನ್ ಹಾಕಿ, ಇಲ್ಲವೇ ಫ್ಲೋ ಸೈಟೋಮೀಟರಿನಲ್ಲಿ ಫೈಬ್ರೋಬ್ಲಾಸ್ಟಿನಲ್ಲಿ ಇಲ್ಲದ ಎಪ್‌ಕ್ಯಾಮ್ ಅನ್ನುವ ಗುರುತು ನೋಡಿ ಬೇರೆಬೇರೆ ಎಣಿಸಿ. ಜಾಸ್ತಿ ಕೆಲಸ, ಗೊತ್ತು.

ಮುಟ್ಟುವುದಕ್ಕೂ ದೂರ ಇರುವುದಕ್ಕೂ ಎಷ್ಟು ವ್ಯತ್ಯಾಸ ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಕೆಲಸ 2017ರದ್ದು, ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಲ್ಯಾಬಿನಿಂದ ಬಂದದ್ದು. ಮೇದೋಜೀರಕದ ಕ್ಯಾನ್ಸರಿನಿಂದ ಬೆಳೆಸಿದ ಪುಟ್ಟ 3ಡಿ ರಚನೆಯ (ಆರ್ಗನಾಯ್ಡ್) ಜೊತೆ ಅದೇ ಅಂಗದ ನಾರು ಕೋಶಗಳನ್ನು ಬೆಳೆಸಿದರು. ಕ್ಯಾನ್ಸರಿಗೆ ಅಂಟಿಕೊಂಡಂತೆ ಇದ್ದವು ಆಲ್ಫಾ-ಎಸ್‌ಎಂಎ ಏರಿಸಿಕೊಂಡು ನಾರು ನೇಯುವ ಬಗೆಯಾದವು. ದೂರದಲ್ಲಿದ್ದು, ಟ್ರಾನ್ಸ್‌ವೆಲ್ ಪೊರೆಯ ಆಚೆಯಿಂದ ಬರೀ ಸುದ್ದಿ ಪಡೆದವು ಐಎಲ್-6 ಥರದ ಉರಿಯೂತದ ಪ್ರೋಟೀನ್ ಉಗುಳುವ ಬಗೆಯಾದವು. ಒಂದೇ ಕೋಶ, ನಿಂತ ಜಾಗದ ಮೇಲೆ ಬೇರೆ ವೇಷ. ಇದು ಗೊತ್ತಾದದ್ದು ಯಾವ ಭಾರಿ ಯಂತ್ರದಿಂದಲೂ ಅಲ್ಲ, ಪೊರೆ ಇರುವ ತಟ್ಟೆ ಮತ್ತು ಇಲ್ಲದ ತಟ್ಟೆಯನ್ನು ಪಕ್ಕಪಕ್ಕ ಇಟ್ಟಿದ್ದರಿಂದ.

ಇದಕ್ಕೆ ಸ್ವಲ್ಪ ಹಿಂದಿನ ಕಥೆಯೂ ಗೊತ್ತಿರಬೇಕು. 2009ರಲ್ಲಿ ಇಲಿಗಳಲ್ಲಿ ಈ ನಾರಿನ ಗೋಡೆಯನ್ನು ಕರಗಿಸುವ ಔಷಧಿ ಕೊಟ್ಟಾಗ ಕೀಮೋ ಗಡ್ಡೆಯ ಒಳಗೆ ಚೆನ್ನಾಗಿ ಇಳಿದಿತ್ತು. ಎಲ್ಲರಿಗೂ ಉತ್ಸಾಹ. ಮನುಷ್ಯರ ಮೇಲೆ ಪರೀಕ್ಷೆಗೆ ಹೋಯಿತು. 2012ರಲ್ಲಿ ನಿಲ್ಲಿಸಬೇಕಾಯಿತು, ಔಷಧಿ ತೆಗೆದುಕೊಂಡವರ ಪರಿಸ್ಥಿತಿಯೇ ಕೆಟ್ಟಿತ್ತು. 2014ರಲ್ಲಿ ಎರಡು ಬೇರೆಬೇರೆ ಗುಂಪುಗಳು ಇಲಿಗಳಲ್ಲಿ ಈ ಫೈಬ್ರೋಬ್ಲಾಸ್ಟುಗಳನ್ನು ಕಡಿಮೆ ಮಾಡಿ ನೋಡಿದವು. ಗಡ್ಡೆ ಇನ್ನೂ ಉಗ್ರವಾಯಿತು. ಅಷ್ಟು ದಿನ ಖಳನಾಯಕ ಅಂದುಕೊಂಡಿದ್ದ ಕೋಶಗಳಲ್ಲಿ ಒಂದಷ್ಟು, ಗಡ್ಡೆಯನ್ನು ಕಟ್ಟಿಹಾಕುವ ಕೆಲಸವನ್ನೂ ಮಾಡುತ್ತಿದ್ದವು. ಹಾಗಾಗಿ ಯಾರಾದರೂ ಬಂದು "ನಾನು ಸಿಎಎಫ್ (ಗಡ್ಡೆಯ ಫೈಬ್ರೋಬ್ಲಾಸ್ಟ್) ಕೊಲ್ಲುವ ಮಾಲಿಕ್ಯೂಲ್ ಹುಡುಕುತ್ತೇನೆ" ಅಂದರೆ ನಾನು ಕೇಳುವುದು ಒಂದೇ, ಯಾವ ಸಿಎಎಫ್?

ಇನ್ನು 3ಡಿ. ಈ ಪದ ಈಗ ಗ್ರಾಂಟ್ ಅರ್ಜಿಗಳಿಗೆ ಅಂಟಿಸುವ ಸ್ಟಿಕ್ಕರ್ ಆಗಿಬಿಟ್ಟಿದೆ. ಕೋಶ ಉಂಡೆಯಾದ ತಕ್ಷಣ ಅದು ಗಡ್ಡೆ ಆಗುವುದಿಲ್ಲ. ಹಾಗಂತ ಈ ಉಂಡೆ, ಅಂದರೆ ಸ್ಫೆರಾಯ್ಡ್, ಕಮ್ಮಿ ಅಂತಲೂ ಅಲ್ಲ. ಕೋಶ ಅಂಟದ ತಟ್ಟೆಯ ತಳ ಗುಂಡಗಿದ್ದರೆ ಸಾಕು, ಅವು ತಾವೇ ಒಟ್ಟು ಸೇರಿ ಉಂಡೆಯಾಗುತ್ತವೆ. ದುಡ್ಡಿಲ್ಲದಿದ್ದರೆ ಮಾಮೂಲಿ ತಟ್ಟೆಗೆ ಅಗರೋಸ್ ಬಳಿದು ಇಟ್ಟರೂ ಆಗುತ್ತದೆ. ಅರ್ಧ ಮಿಲಿಮೀಟರಿಗೆ ಬಂದಾಗ ನಡುಭಾಗ ಕಪ್ಪಗಾಗುತ್ತದೆ, ಅಲ್ಲಿ ಆಮ್ಲಜನಕ ತಲುಪದೆ ಕೋಶ ಸತ್ತಿರುತ್ತವೆ. ಹೊಸದಾಗಿ ಸೇರಿದ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದು ಡಾಕ್ಸೋರೂಬಿಸಿನ್ ಹಾಕಿದ ಸ್ಫೆರಾಯ್ಡ್. ಅದು ತಾನೇ ಹೊಳೆಯುವ ಔಷಧಿ, ಫ್ಲೋರೆಸೆನ್ಸ್ ಮೈಕ್ರೋಸ್ಕೋಪಿನಲ್ಲಿ ಕೆಂಪು. ಕತ್ತಲೆ ಕೋಣೆಯಲ್ಲಿ ಕೂತು ನೋಡಿದರೆ ಹೊರಗಿನ ಕೆಲವು ಪದರ ಮಾತ್ರ ಕೆಂಪಗೆ ಉಂಗುರ, ಒಳಗೆಲ್ಲ ಕಪ್ಪು. ಅದೇ ಔಷಧಿ, ಅದೇ ಪ್ರಮಾಣ, ಅದೇ ಹೊತ್ತು ಚಪ್ಪಟೆ ತಟ್ಟೆಯ ಕೋಶಕ್ಕೆ ಕೊಟ್ಟಿದ್ದರೆ ಒಂದೊಂದು ನ್ಯೂಕ್ಲಿಯಸ್ಸೂ ಕೆಂಪು. ಔಷಧಿ ಕೆಲಸ ಮಾಡಲಿಲ್ಲವೋ, ಒಳಗೆ ಹೋಗಲೇ ಇಲ್ಲವೋ ಅನ್ನುವ ಪ್ರಶ್ನೆಗೆ ಇದಕ್ಕಿಂತ ಅಗ್ಗದ ಪ್ರಯೋಗ ಇಲ್ಲ.

ಆಮೇಲೆ ಮ್ಯಾಟ್ರಿಜೆಲ್. ಕೋಶಗಳನ್ನು 3ಡಿಯಲ್ಲಿ ಬೆಳೆಸುವ ಜೆಲ್, ಲ್ಯಾಬಿನಲ್ಲಿ ಎಲ್ಲರೂ ಬೈಯುವ, ಎಲ್ಲರೂ ಬಳಸುವ ಸಾಮಾನು. 4 ಡಿಗ್ರಿಯಲ್ಲಿ ನೀರಿನ ಹಾಗೆ ಇರುತ್ತದೆ, 10 ಡಿಗ್ರಿ ದಾಟಿದರೆ ಹೆಪ್ಪುಗಟ್ಟಲು ಶುರು. ರಾತ್ರಿಯೇ ಫ್ರಿಜ್ಜಿನಲ್ಲಿ ಐಸ್ ಮೇಲೆ ಇಟ್ಟು ಕರಗಿಸಬೇಕು, ಟಿಪ್‌ಗಳನ್ನು ಫ್ರೀಜರಿನಲ್ಲಿ ಇಟ್ಟಿರಬೇಕು, ಹುಡ್ ಒಳಗೆ ಐಸ್ ಬಕೆಟ್ ಇಟ್ಟುಕೊಂಡು ಬೆರಳು ಮರಗಟ್ಟುವವರೆಗೆ ಕೆಲಸ. ಏಪ್ರಿಲ್ ತಿಂಗಳ ಮಧ್ಯಾಹ್ನ ಎಸಿ ಕೈಕೊಟ್ಟರೆ ಟಿಪ್ಪಿನೊಳಗೇ ಗಟ್ಟಿಯಾಗುತ್ತದೆ. ಗುಳ್ಳೆ ಬಂದರೆ ಹೋಗುವುದಿಲ್ಲ. ಬೆಲೆ ಕೇಳಬೇಡಿ. ಡ್ರೈ ಐಸಿನಲ್ಲಿ ದೇವನಹಳ್ಳಿಗೆ ಬಂದು ಕಸ್ಟಮ್ಸಿನಲ್ಲಿ ಕೂತರೆ ಎಲ್ಲರ ಬಿಪಿ ಏರುತ್ತದೆ.

ಇಷ್ಟೆಲ್ಲ ಗೌರವ ಕೊಟ್ಟು ನೋಡಿಕೊಳ್ಳುವ ಈ ವಸ್ತು ಬರುವುದು ಇಲಿಯ ಒಂದು ಗಡ್ಡೆಯಿಂದ. ಮುಖ್ಯವಾಗಿ ಲ್ಯಾಮಿನಿನ್, ಆಮೇಲೆ ನಾಲ್ಕನೇ ಬಗೆಯ ಕೊಲಾಜೆನ್, ಜೊತೆಗೆ ಗೊತ್ತಿರುವ ಗೊತ್ತಿಲ್ಲದ ಬೆಳವಣಿಗೆಯ ಪ್ರೋಟೀನುಗಳು. ಒಂದು ಬ್ಯಾಚಿನಂತೆ ಇನ್ನೊಂದು ಇರುವುದಿಲ್ಲ. ಅದರಲ್ಲೇ ನಡೆದ ಕೆಲಸ ಎಷ್ಟು ದೊಡ್ಡದು ಅನ್ನುವುದೂ ನಿಜ. ಬರ್ಕ್ಲಿಯ ಮೀನಾ ಬಿಸ್ಸೆಲ್ ಗುಂಪು 1997ರಲ್ಲಿ ಸ್ತನದ ಕ್ಯಾನ್ಸರ್ ಕೋಶಗಳನ್ನು ಇಂಥ 3ಡಿ ಜೆಲ್‌ನಲ್ಲಿ ಬೆಳೆಸಿ, ಅವು ಸುತ್ತಲಿನ ಜೆಲ್ಲನ್ನು ಹಿಡಿದುಕೊಳ್ಳುವ ಬೀಟಾ-1 ಇಂಟೆಗ್ರಿನ್ ಅನ್ನುವ ಒಂದೇ ಪ್ರೋಟೀನನ್ನು ತಡೆದರು. ಅಡ್ಡಾದಿಡ್ಡಿ ಬೆಳೆಯುತ್ತಿದ್ದ ಕೋಶಗಳು ಬೆಳವಣಿಗೆ ನಿಲ್ಲಿಸಿ, ಆರೋಗ್ಯವಂತ ಸ್ತನದಲ್ಲಿರುವ ಹಾಗೆ ಗುಂಡಗೆ ಅಚ್ಚುಕಟ್ಟಾಗಿ ಕೂತವು. ಡಿಎನ್ಎಯ ತಪ್ಪುಗಳು ಹಾಗೇ ಇದ್ದವು. ನಡವಳಿಕೆ ಬದಲಾಯಿತು. ಇದನ್ನು ಮೊದಲ ಸಲ ಓದಿದಾಗ ಎಂಎಸ್ಸಿಯಲ್ಲಿದ್ದೆ, ರೋಮಾಂಚನ ಆಗಿತ್ತು, ಈಗಲೂ ಆಗುತ್ತದೆ.

ಆದರೆ ನಮ್ಮ ಬಾಯಿಯ ರೋಗಕ್ಕೆ ಮ್ಯಾಟ್ರಿಜೆಲ್ ಹೊಂದುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಅದು ಎಪಿಥೀಲಿಯಂ ಅನ್ನುವ ಹೊರಪದರದ ಕೆಳಗಿನ ತೆಳು ಪೊರೆಯ ನಕಲು. ಅಡಿಕೆಯಿಂದ ಬಿಗಿದ ಕೆನ್ನೆಯಲ್ಲಿ ತುಂಬಿರುವುದು ಒಂದನೇ ಬಗೆಯ ಕೊಲಾಜೆನ್, ಅದೂ ಹೆಣೆದು ಗಟ್ಟಿಯಾದದ್ದು. ನಾವು ಬಳಸುವುದು ಇಲಿಯ ಬಾಲದಿಂದ ತೆಗೆದ ಕೊಲಾಜೆನ್. ಹುಳಿ ದ್ರಾವಣದಲ್ಲಿ ಬರುತ್ತದೆ, ಐಸ್ ಮೇಲೆ ಕ್ಷಾರ ಹಾಕಿ ಸಮ ಮಾಡಿ, ಫೈಬ್ರೋಬ್ಲಾಸ್ಟ್ ಬೆರೆಸಿ 37 ಡಿಗ್ರಿಗೆ ಇಟ್ಟರೆ ಜೆಲ್. ಮರುದಿನ ನೋಡಿದರೆ ಫೈಬ್ರೋಬ್ಲಾಸ್ಟುಗಳು ಆ ಜೆಲ್ಲನ್ನು ಎಳೆದು ಎಳೆದು ತಟ್ಟೆಯ ಅಂಚಿನಿಂದ ಬಿಡಿಸಿ ಕುಗ್ಗಿಸಿರುತ್ತವೆ. ಸ್ಕೇಲ್ ಇಟ್ಟು ಅಳೆಯಬಹುದು. ಮೈಕ್ರೋಸ್ಕೋಪ್ ಬೇಡ, ಕಿಟ್ ಬೇಡ. ಬಾಯಿ ಬಿಗಿಯುವುದು ಅಂದರೆ ಏನು ಅಂತ ಕಣ್ಣೆದುರೇ ಕಾಣುತ್ತದೆ. ಮೇಲೆ ಕೆನ್ನೆಯ ಎಪಿಥೀಲಿಯಲ್ ಕೋಶಗಳ ಪದರ ಹಾಕಿ, ಮೇಲ್ಭಾಗ ಗಾಳಿಗೆ ತೆರೆದು, ಕೆಳಗಿನಿಂದ ಮೀಡಿಯಾ ಕೊಟ್ಟರೆ ಪದರ ಪದರವಾಗಿ ಬೆಳೆಯುತ್ತವೆ. ಲ್ಯಾಬಿನಲ್ಲಿ ನನಗೆ ಅತಿ ಪ್ರೀತಿಯ ಮಾಡೆಲ್ ಇದೇ. ಇದರಲ್ಲಿ ರಕ್ತನಾಳ ಇಲ್ಲ, ರೋಗನಿರೋಧಕ ಕೋಶ ಇಲ್ಲ, ಜೊಲ್ಲು ಇಲ್ಲ, ಹಲ್ಲುಜ್ಜದ ಬಾಯಿಯ ಬ್ಯಾಕ್ಟೀರಿಯಾ ಇಲ್ಲ. ಗೊತ್ತು. ಅರೆಕೊಲೈನ್ ಹಾಕಿದರೆ ಫೈಬ್ರೋಬ್ಲಾಸ್ಟ್ ಏನು ಮಾಡುತ್ತದೆ, ಅದರಿಂದ ಮೇಲಿನ ಪದರಕ್ಕೆ ಏನಾಗುತ್ತದೆ ಅನ್ನುವುದು ನನ್ನ ಪ್ರಶ್ನೆ, ಅದಕ್ಕೆ ಇಷ್ಟು ಸಾಕು.

ಆರ್ಗನಾಯ್ಡ್ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಚಿಕ್ಕದಾಗಿ ಹೇಳುತ್ತೇನೆ. 2009ರಲ್ಲಿ ನೆದರ್ಲೆಂಡ್ಸಿನ ಹಾನ್ಸ್ ಕ್ಲೆವರ್ಸ್ ಲ್ಯಾಬಿನಲ್ಲಿ ತೋಶಿರೊ ಸಾಟೊ ಕರುಳಿನ ಒಂದೇ ಒಂದು ಕಾಂಡಕೋಶದಿಂದ ಪುಟ್ಟ ಕರುಳಿನ ರಚನೆ ಬೆಳೆಸಿದರು. ಈಗ ರೋಗಿಯ ಗಡ್ಡೆಯಿಂದಲೇ ಬೆಳೆಸಿ ಔಷಧಿ ಪರೀಕ್ಷೆ ಮಾಡುತ್ತಾರೆ. 2018ರಲ್ಲಿ ಬಂದ ಒಂದು ಕೆಲಸದಲ್ಲಿ ಹರಡಿದ ಜೀರ್ಣಾಂಗದ ಕ್ಯಾನ್ಸರುಗಳಲ್ಲಿ ಆರ್ಗನಾಯ್ಡಿನ ಉತ್ತರ ರೋಗಿಯ ಉತ್ತರಕ್ಕೆ ಚೆನ್ನಾಗಿ ತಾಳೆಯಾಗಿತ್ತು. ಒಳ್ಳೆಯದೇ. ಆದರೆ ಮಾಮೂಲಿ ರೀತಿಯಲ್ಲಿ ಬೆಳೆಸಿದರೆ ಅದರಲ್ಲಿ ಎಪಿಥೀಲಿಯಲ್ ಕೋಶ ಮಾತ್ರ, ಸುತ್ತಲಿನವು ಕೆಲವು ಪಾಸೇಜಿನಲ್ಲಿ ಮಾಯ. ಇಮ್ಯುನೋಥೆರಪಿ ಔಷಧಿ ಹಾಕಿದರೆ ಅದಕ್ಕೆ ಹಿಡಿದುಕೊಳ್ಳಲು ಟಿ-ಸೆಲ್ಲೇ ಇರುವುದಿಲ್ಲ. ಟಿ-ಸೆಲ್ ಹಾಕೋಣ ಅಂತ ಬ್ಲಡ್ ಬ್ಯಾಂಕಿನ ಯಾರದ್ದೋ ರಕ್ತದಿಂದ ತಂದು ಹಾಕಿದರೆ, ಅವು ಕ್ಯಾನ್ಸರ್ ಅಂತ ಹೊಡೆಯುವುದಿಲ್ಲ, ಪರರದ್ದು ಅಂತ ಹೊಡೆಯುತ್ತವೆ, ಎಚ್‌ಎಲ್ಎ ಅನ್ನುವ ಕೋಶದ ಮೇಲಿನ ಗುರುತು ಹೊಂದದ್ದಕ್ಕೆ. ಚೆಂದದ ಫೋಟೊ ಬರುತ್ತದೆ, ಅರ್ಥ ಇರುವುದಿಲ್ಲ. ಅದೇ ರೋಗಿಯ ರಕ್ತವೇ ಬೇಕು.

ಎಲ್ಲವನ್ನೂ ಮತ್ತೆ ಕಟ್ಟುವ ಬದಲು, ಬಿಡಿಸದೆ ಹಾಗೇ ಇಟ್ಟರೆ ಹೇಗೆ? ಗಡ್ಡೆಯನ್ನು ತೆಳ್ಳಗೆ ಹೋಳು ಮಾಡಿ, ಇದ್ದ ನೆರೆಹೊರೆ ಸಮೇತ ಕೆಲವು ದಿನ ಬದುಕಿಸುವುದು. ಬೆಂಗಳೂರಿನಲ್ಲೇ ಮಿತ್ರಾ ಬಯೋಟೆಕ್ ಅನ್ನುವ ಕಂಪನಿಯವರು ಈ ದಾರಿಯಲ್ಲಿ ಕೆಲಸ ಮಾಡಿ 2015ರಲ್ಲಿ ನೇಚರ್ ಕಮ್ಯುನಿಕೇಷನ್ಸ್‌ನಲ್ಲಿ ಪ್ರಕಟಿಸಿದರು. ಗಡ್ಡೆಯ ಚೂರು, ಅದಕ್ಕೆ ಹೊಂದುವ ಮ್ಯಾಟ್ರಿಕ್ಸ್ ಪ್ರೋಟೀನುಗಳು, ಅದೇ ರೋಗಿಯ ಸೀರಂ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರೂ ಅದರಲ್ಲಿತ್ತು. ಈ ಊರಿನಲ್ಲಿ ಈ ವಿಷಯ ಓದುವ ಹುಡುಗರಿಗೆ ಬಾಸ್ಟನ್ನಿನವರ ಕೋಶ ಬೆಳೆಸುವ ಚಿಪ್ ಗೊತ್ತಿರುತ್ತದೆ, ಇದು ಗೊತ್ತಿರುವುದಿಲ್ಲ. ತೊಂದರೆ ಏನೆಂದರೆ ಚೂರು ಬೇಗ ಸಾಯುತ್ತದೆ, ಒಂದು ಸಲ ಬಳಸಿದರೆ ಮುಗಿಯಿತು, ಮತ್ತೆ ಮಾಡುತ್ತೇನೆ ಅಂದರೆ ಅದೇ ಗಡ್ಡೆ ಸಿಗುವುದಿಲ್ಲ.

ಆ ಚಿಪ್‌ಗಳ ಬಗ್ಗೆ ನನಗೆ ಇನ್ನೂ ಅನುಮಾನ. ಪಾರದರ್ಶಕ ರಬ್ಬರಿನಲ್ಲಿ ಕೂದಲೆಳೆಯಷ್ಟು ಕಾಲುವೆ, ಅದರಲ್ಲಿ ರಕ್ತನಾಳದ ಕೋಶಗಳು, ಹರಿಯುವ ಮೀಡಿಯಾ, ನೋಡಲು ಬಹಳ ಚೆನ್ನ. ಹರಿವು, ಒತ್ತಡ ಇಂಥವನ್ನು ಕೇಳಬೇಕಾದರೆ ಅದೇ ಬೇಕು. ಆದರೆ ಆ ಪಿಡಿಎಂಎಸ್ ರಬ್ಬರ್ ಎಣ್ಣೆಗೆ ಒಲಿಯುವ ಔಷಧಿಗಳನ್ನು ತಾನೇ ಹೀರಿಕೊಳ್ಳುತ್ತದೆ. ಕೋಶಕ್ಕೆ ಎಷ್ಟು ಸಿಕ್ಕಿತು ಅಂತ ಅಳೆಯದೆ ಫಲಿತಾಂಶ ಬರೆದವರನ್ನು ನೋಡಿದ್ದೇನೆ.

ಕಾನೂನು ಕೂಡ ಈ ಕಡೆ ತಿರುಗುತ್ತಿದೆ. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ, ನಮ್ಮಲ್ಲಿ 2023ರಲ್ಲಿ ಹೊಸ ಔಷಧಿಗಳ ನಿಯಮ ತಿದ್ದಿ, ಪ್ರಾಣಿಗಳ ಬದಲು ಇಂಥ ಕೋಶದ ಮಾದರಿಗಳನ್ನೂ ಬಳಸಬಹುದು ಅಂತ ದಾರಿ ಬಿಟ್ಟಿದ್ದಾರೆ. ಅದಾದ ಮೇಲೆ ನನಗೆ ಬರುವ ಮೇಲ್‌ಗಳು ಜಾಸ್ತಿಯಾಗಿವೆ. "ಮೇಡಂ, ಪ್ರಾಜೆಕ್ಟಿಗೆ ಯಾವ ಟಿಎಂಇ ಮಾಡೆಲ್ ಹಾಕಲಿ, ಆರ್ಗನಾಯ್ಡಾ ಚಿಪ್ಪಾ?" ಅಂತ. ದಾವಣಗೆರೆ, ಧಾರವಾಡ, ಮೈಸೂರಿನ ವಿದ್ಯಾರ್ಥಿಗಳೇ ಹೆಚ್ಚು. ಅವರ ಕಾಲೇಜಿನಲ್ಲಿ ಒಂದು ಇನ್ಕ್ಯುಬೇಟರ್, ಒಂದು ಹುಡ್, ಆರು ತಿಂಗಳು ಸಮಯ ಇರುತ್ತದೆ ಅಷ್ಟೇ. ನಾನು ಬರೆಯುವ ಉತ್ತರ ಹೆಚ್ಚುಕಡಿಮೆ ಒಂದೇ. ನಿಮ್ಮ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆದು ಕಳಿಸಿ. ಅದರಲ್ಲಿ ಯಾವ ಎರಡು ಕೋಶಗಳ ಹೆಸರು ಇದೆಯೋ ಅವೆರಡನ್ನು ತಟ್ಟೆಯಲ್ಲಿ ಇಡಿ, ಮೂರನೆಯದು ಬೇಡ. ಔಷಧಿ ಒಳಗೆ ಇಳಿಯುತ್ತದಾ ಅನ್ನುವುದು ಪ್ರಶ್ನೆಯಾದರೆ ಅಗರೋಸ್ ಮೇಲೆ ಸ್ಫೆರಾಯ್ಡ್ ಮಾಡಿ. ಫೈಬ್ರೋಬ್ಲಾಸ್ಟ್ ಏನು ಮಾಡುತ್ತದೆ ಅನ್ನುವುದಾದರೆ ಕೊಲಾಜೆನ್ ಜೆಲ್. ಗ್ಲೂಕೋಸ್ ಕಮ್ಮಿ ಇರುವ ಮೀಡಿಯಾದಲ್ಲಿ ಒಂದು ಸಲ ಮಾಡಿ ನೋಡಿ, ಉತ್ತರ ಬದಲಾದರೆ ಅದೇ ನಿಮ್ಮ ಪ್ರಾಜೆಕ್ಟ್.

ಇಷ್ಟಕ್ಕೂ ಮೊದಲು ಆ ಸೆಲ್ ಲೈನ್ ಎಲ್ಲಿಂದ ಬಂತು ಅಂತ ಕೇಳಿ. ಸೀನಿಯರ್ ಕೊಟ್ಟರು ಅಂದರೆ ಬೇಡ. ದಶಕಗಳ ಕಾಲ ಸ್ತನದ್ದು ಅಂತ ಬಳಸಿದ ಎಂಡಿಎ-ಎಂಬಿ-435 ಕೊನೆಗೆ ಚರ್ಮದ ಮೆಲನೋಮಾದ್ದು ಅಂತ ತೇಲಿತು, ಎಷ್ಟೋ ಲೈನುಗಳ ಒಳಗೆ ಹೀಲಾ ನುಗ್ಗಿ ಕೂತಿದೆ. ಸೆಲ್ ಲೈನ್ ಕಾಪಾಡಿ ಕೊಡುವ ಪುಣೆಯ ಎನ್‌ಸಿಸಿಎಸ್‌ನಿಂದ ತರಿಸಿ, ಕೋಶದ ಡಿಎನ್ಎ ಗುರುತು ನೋಡುವ ಎಸ್‌ಟಿಆರ್ ಪರೀಕ್ಷೆ ಮಾಡಿಸಿ. ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಸೇರಿದೆಯಾ ಅಂತ ಪಿಸಿಆರ್ ಮಾಡಿಸಿ, ಅದಕ್ಕೆ ಕೋಶಭಿತ್ತಿ ಇಲ್ಲ, ನೀವು ಹಾಕುವ ಪೆನಿಸಿಲಿನ್ ಅದಕ್ಕೆ ತಾಗುವುದಿಲ್ಲ, ಮೀಡಿಯಾವೂ ಮಬ್ಬಾಗುವುದಿಲ್ಲ. ರಿಪೋರ್ಟ್ ಬಂದಮೇಲೆ ಮತ್ತೆ ಮೇಲ್ ಮಾಡಿ, ಕೊಲಾಜೆನ್ ಎಷ್ಟು ಹಾಕಬೇಕು ಅಂತ ಆಗ ಮಾತಾಡೋಣ.